ಪ್ರತ್ಯಕ್ಷ ಕಂಡರೂ

1980ನೆಯ ಇಸ್ವಿಯ ಫೆಬ್ರುವರಿ 16ರಂದು, ಶನಿವಾರ ಮಧ್ಯಾಹ್ನ ಹಿಡಿದ ಸೂರ್ಯಗ್ರಹಣವನ್ನು ನಮ್ಮ ಕಡೆಯ ಐವತ್ತು ದಾಟಿದವರು ಯಾರೂ ಮರೆತಿಲ್ಲ. ಅಂಕೋಲೆಯ ಕಡಲ ಕಡೆಯಿಂದ ಬಂದ ನೆರಳು ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳ ಮೇಲೆ ಹಾಯ್ದು ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿಕೊಂಡು ಕಾದಿದ್ದರು. ನಮ್ಮ ಗುಡೂರಿನ ಓಣಿಯಲ್ಲಿ ಮಾತ್ರ ಮಗ್ಗದ ಸಪ್ಪಳ ನಿಂತು, ಬಾಗಿಲುಗಳು ಮುಚ್ಚಿಕೊಂಡು, ಹಗಲೇ ಸರಿರಾತ್ರಿಯ ಹಾಗೆ ಬಿಕೋ ಎನ್ನುತ್ತಿತ್ತು. ನನಗಾಗ ಹತ್ತು ವರ್ಷ.

ಈ ಗ್ರಹಣದ ಕಥೆಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿದ್ದೇನೆ. ಹಿತ್ತಲ ಅಂಗಳದಲ್ಲಿ ಹಿತ್ತಾಳೆ ಪರಾತ. ಅದರಲ್ಲಿ ಸಗಣಿ ಕದಡಿದ ನೀರು. ಆ ನೀರಿನೊಳಗೆ ಸೂರ್ಯ ಮೊದಲು ಕಡಿದ ರೊಟ್ಟಿಯಾಗುತ್ತಾನೆ, ಆಮೇಲೆ ಕುಡುಗೋಲಾಗುತ್ತಾನೆ. ಕಾಗೆಗಳು ಗದ್ದಲ ಮಾಡುತ್ತ ಬೇವಿನ ಗಿಡಕ್ಕೆ ಮರಳುತ್ತವೆ. ಕೋಳಿಗಳು ತಾವಾಗಿಯೇ ಬುಟ್ಟಿಯ ಹತ್ತಿರ ಬಂದು ನಿಲ್ಲುತ್ತವೆ. ಇದ್ದಕ್ಕಿದ್ದಂತೆ ಒಂದು ಥಂಡಿ ಗಾಳಿ. ಆ ಥಂಡಿಯನ್ನು ಹೇಳುವಾಗ ಪ್ರತಿಸಲವೂ ನನ್ನ ತೋಳಿನ ರೋಮ ನಿಮಿರುತ್ತಿದ್ದವು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಪಾಠದಲ್ಲಿ ನನಗೆ ಅಷ್ಟಿಷ್ಟು ಹೆಸರು ಬಂದದ್ದೇ ಇಂಥ ಕಥೆಗಳಿಂದ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಎಲ್ಲರೂ ಕೂಡಿದಾಗ ಮೊಮ್ಮಕ್ಕಳ ಮುಂದೆ ಅದೇ ಕಥೆ ತೆಗೆದೆ. ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅವ್ವ ತಲೆ ಎತ್ತಿ ಕೇಳಿದಳು: “ನೀ ಎಲ್ಲಿ ಅಂಗಳಕ್ಕ ಬಂದಿದ್ದೆವ್ವಾ? ನಿನಗ ಜ್ವರಾ ಬಂದಿದ್ದು. ಪಡಸಾಲಿ ಮೂಲ್ಯಾಗ ಕೌದಿ ಹೊತಗೊಂಡು ಮಲಗಿದ್ದಿ.” ನಾನು ನಕ್ಕೆ. ಅಣ್ಣ ನಗಲಿಲ್ಲ. “ಪರಾತ ನಂದು. ಹಿತ್ತಲ ಗ್ವಾಡಿ ಜಿಗದು ನೋಡಿದಾಂವ ನಾನು. ಅದಕ್ಕ ಅಪ್ಪನ ಕೈಲೆ ಏಟು ತಿಂದಾಂವನೂ ನಾನ. ರಾತ್ರಿ ನಿನ್ನ ಮಗ್ಗಲಾಗ ಕೂತು ಎಲ್ಲಾ ಹೇಳಿದೆ. ಮರತಿ?” ಎಂದ.

ಮರೆತಿರಲಿಲ್ಲ, ಅದೇ ತೊಂದರೆ. ಅವನು ಹೇಳಿದ್ದು ಒಂದಕ್ಷರವೂ ಬಿಡದೆ ನೆನಪಿತ್ತು. ಹೇಳಿದವನು ಅವನೆಂಬುದಷ್ಟೇ ಅಳಿಸಿಹೋಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಗ್ರಹಣ ಕಾಣದೆ ಹೋದದ್ದು ದೊಡ್ಡ ನಷ್ಟವೇನಲ್ಲ. ಆದರೆ ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ನಾನು ಇನ್ನೆಲ್ಲೆಲ್ಲಿ, ಯಾರ ಯಾರ ವಿಷಯದಲ್ಲಿ ಹೇಳಿದ್ದೇನೆ ಎಂಬ ಲೆಕ್ಕ ತಲೆಯಲ್ಲಿ ಶುರುವಾಯಿತು. ಆ ಲೆಕ್ಕದಲ್ಲಿ ಒಬ್ಬ ಹುಡುಗನೂ ಇದ್ದ. ಅವನ ಮಾತು ಆಮೇಲೆ ಬರುತ್ತದೆ.

ಗ್ರಹಣದ ವಿಷಯದಲ್ಲಿ ನನ್ನ ಸ್ವಭಾವವೇ ಕಾರಣವೆಂದು ಮೊದಲು ಅಂದುಕೊಂಡೆ. ಸಣ್ಣವಳಿದ್ದಾಗ ಪುಸ್ತಕ ಹಿಡಿದರೆ ಅವ್ವ ಮೂರು ಸಲ ಕೂಗಿದರೂ ನನಗೆ ಕೇಳುತ್ತಿರಲಿಲ್ಲ. ಪುರಾಣದಲ್ಲಿ ಶಾಸ್ತ್ರಿಗಳು ಸೀತೆಯ ಕಾಡನ್ನು ವರ್ಣಿಸಿದರೆ ಮನೆಗೆ ಬಂದು ಕಾಲಿಗೆ ಮುಳ್ಳು ನೆಟ್ಟಿದೆಯೇ ಎಂದು ನೋಡಿಕೊಂಡದ್ದುಂಟು. ಅಂಥವಳು ಅಣ್ಣನ ಗ್ರಹಣವನ್ನು ತನ್ನದಾಗಿ ಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನು? ಆದರೆ ಹಾಗೆಂದು ಸಮಾಧಾನ ಮಾಡಿಕೊಳ್ಳಲು ಹೊರಟಾಗ ಅಪ್ಪ ನೆನಪಾದ.

ಅಪ್ಪ ನನ್ನಂಥವನಲ್ಲ. ನೇಕಾರರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದ ಮನುಷ್ಯ. ಕಥೆ, ನಾಟಕ, ಸಿನಿಮಾ ಯಾವುದೂ ಬೇಡ. ನಾಲ್ಕಾಣೆ ವ್ಯತ್ಯಾಸ ಬಂದರೆ ಊಟ ಬಿಟ್ಟು ಕೂಡುತ್ತಿದ್ದ. ಅವನ ಜೀವನದ ಒಂದೇ ಒಂದು ದೊಡ್ಡ ಕಥೆ ಆಲಮಟ್ಟಿಯದು. ಕೃಷ್ಣೆಗೆ ಅಣೆಕಟ್ಟು ಕಟ್ಟಲು ಅಡಿಗಲ್ಲು ಹಾಕುವ ದಿನ ಲಾರಿಯಲ್ಲಿ ನಿಂತುಕೊಂಡು ಅಲ್ಲಿಗೆ ಹೋಗಿದ್ದ. “ಪ್ರಧಾನಮಂತ್ರಿ ಶಾಸ್ತ್ರೀಜಿ ಬಂದಿದ್ದರು. ಸಣ್ಣ ಆಳು. ನೆಹರೂ ತೀರಿಕೊಂಡ ದುಃಖ ಇನ್ನೂ ಮುಖದ ಮ್ಯಾಲ ಇತ್ತು. ಮಾತಾಡೂಮುಂದ ಒಂದೆರಡು ಸಲ ಗಂಟಲ ಕಟ್ಟಿತು” ಎಂದು ಹೇಳುವಾಗ ಅವನ ಗಂಟಲೂ ಕಟ್ಟುತ್ತಿತ್ತು.

ನಾನು ಇತಿಹಾಸ ಪಾಠ ಹೇಳುವವಳು. ಒಂದು ಸಲ ತಾರೀಖುಗಳನ್ನು ಬರೆದುಕೊಳ್ಳುವಾಗ ಪೆನ್ನು ನಿಂತಿತು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ್ದು 1964ರ ಮೇ 22ರಂದು. ನೆಹರೂ ತೀರಿಕೊಂಡದ್ದು ಮೇ 27ರಂದು. ಶಾಸ್ತ್ರಿಯವರು ಪ್ರಧಾನಿಯಾದದ್ದು ಜೂನ್ 9ರಂದು. ಅಂದರೆ ಅಡಿಗಲ್ಲು ಹಾಕಿದ ದಿನ ಶಾಸ್ತ್ರಿಯವರು ನೆಹರೂ ಸಂಪುಟದಲ್ಲಿ ಖಾತೆಯಿಲ್ಲದ ಸಚಿವರು. ನೆಹರೂ ಜೀವಂತವಾಗಿದ್ದರು. ಅಪ್ಪ ನೋಡಿದ ದುಃಖಕ್ಕೆ ಇನ್ನೂ ಐದು ದಿನ ಬಾಕಿಯಿತ್ತು.

ಇದು ಅಪ್ಪನೊಬ್ಬನ ತಪ್ಪಲ್ಲ. ‘ಅಂದಿನ ಪ್ರಧಾನಿ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು’ ಎಂಬ ಮಾತನ್ನು ಭಾಷಣಗಳಲ್ಲಿ, ಲೇಖನಗಳಲ್ಲಿ ನಾನು ಹಲವು ಸಲ ಕಂಡಿದ್ದೇನೆ. ಜಲಾಶಯಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವೆಂದೇ ಹೆಸರು. ಅವರು ಪ್ರಧಾನಿಯಾಗಿದ್ದರು, ನೆಹರೂ ನಂತರ ಬಂದರು, ಅಡಿಗಲ್ಲು ಹಾಕಿದರು, ಮೂರೂ ನಿಜ. ಮೂರನ್ನೂ ಮನಸ್ಸು ಒಂದೇ ದಿನಕ್ಕೆ ಗಂಟು ಹಾಕಿತು.

ಇದನ್ನು ಅಪ್ಪನಿಗೆ ಹೇಳಿ ನಾನು ದೊಡ್ಡ ತಪ್ಪು ಮಾಡಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಂದ್ರ ಇಷ್ಟ ದಿನಾ ನಾ ಸುಳ್ಳ ಹೇಳೀನಿ?” ಎಂದ. ಅಲ್ಲ ಅಪ್ಪಾ, ನೀನು ಹೋಗಿದ್ದು ನಿಜ, ಕಂಡಿದ್ದೂ ನಿಜ ಎಂದರೆ ಕೇಳಲಿಲ್ಲ. ಮತ್ತೆಂದೂ ಆಲಮಟ್ಟಿಯ ಕಥೆ ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ನಿಜಕ್ಕೆ ಎದುರಾಗಿ ಸುಳ್ಳು ಎಂಬ ಒಂದೇ ಮಾತು ರೂಢಿಯಲ್ಲಿದೆ. ಸುಳ್ಳಾಡದೆಯೂ ನಿಜವಲ್ಲದ್ದನ್ನು ಹೇಳುವವನಿಗೆ ನಾವು ಹೆಸರಿಟ್ಟಿಲ್ಲ. ಆ ಹೆಸರಿಲ್ಲದ್ದರಿಂದಲೇ ಅಪ್ಪನಿಗೆ ಅಷ್ಟು ನೋವಾಯಿತೆಂದು ಈಗ ಅನ್ನಿಸುತ್ತದೆ.

ನಾನು ಬಿ.ಎಡ್. ಓದುವಾಗ ನೆನಪಿನ ಪಾಠವೆಂದರೆ ಎಬ್ಬಿಂಗ್‌ಹಾಸ್. ಆ ಜರ್ಮನ್ ಪಂಡಿತ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತೆಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಅದರಿಂದ ನಾವು ಕಲಿತದ್ದು ಇಷ್ಟು: ನೆನಪು ಒಂದು ಹಗೇವು, ಅದರಲ್ಲಿ ಹಾಕಿದ ಜೋಳ ದಿನ ಕಳೆದಂತೆ ಕಡಿಮೆಯಾಗುತ್ತದೆ. ಜೋಳ ಕಡಿಮೆಯಾಗುವುದರ ಬದಲು ಹಾಕದೇ ಇದ್ದ ಗೋಧಿ ಅದರಲ್ಲಿ ಕಾಣಿಸಿಕೊಳ್ಳಬಹುದೆಂದು ಯಾರೂ ಹೇಳಲಿಲ್ಲ. ಆ ಮಾತನ್ನು ನಾನು ಓದಿ ತಿಳಿದದ್ದು ಈ ಎರಡು ಘಟನೆಗಳಾದ ಮೇಲೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಬಾರ್ಟ್ಲೆಟ್ ಎಂಬ ಪ್ರಾಧ್ಯಾಪಕರಿದ್ದರು. ಅವರು ಅಮೆರಿಕದ ಮೂಲನಿವಾಸಿಗಳ ಒಂದು ದೆವ್ವದ ಕಥೆಯನ್ನು ಓದಲು ಕೊಟ್ಟು, ಕೆಲವು ಸಮಯ ಬಿಟ್ಟು ಬಿಟ್ಟು ನೆನಪಿನಿಂದ ಬರೆಸಿದರು. ಕಥೆ ಬರಬರುತ್ತ ಚಿಕ್ಕದಾಯಿತು. ಅಷ್ಟೇ ಆಗಿದ್ದರೆ ಎಬ್ಬಿಂಗ್‌ಹಾಸ್ ಹೇಳಿದ್ದೇ ಆಯಿತು. ಆದರೆ ಕಥೆ ಇಂಗ್ಲಿಷರದೂ ಆಯಿತು. ಅವರಿಗೆ ಒಗ್ಗದ ದೋಣಿ ಒಗ್ಗುವ ದೋಣಿಯಾಯಿತು. ತಿಳಿಯದ ತಿರುವುಗಳು ಬಿದ್ದುಹೋಗಿ ತಿಳಿಯುವ ಕಾರಣಗಳು ಸೇರಿಕೊಂಡವು. ಬರೆದವರಿಗೆ ತಾವು ಏನನ್ನೂ ಸೇರಿಸಿದ್ದೇವೆ ಎಂಬ ಅರಿವಿರಲಿಲ್ಲ. ನೆನಪಿಸಿಕೊಳ್ಳುವುದೆಂದರೆ ಇಟ್ಟದ್ದನ್ನು ತೆಗೆಯುವುದಲ್ಲ, ಪ್ರತಿಸಲ ಹೊಸದಾಗಿ ಕಟ್ಟುವುದು ಎಂದು ಬಾರ್ಟ್ಲೆಟ್ 1932ರ ತಮ್ಮ ಪುಸ್ತಕದಲ್ಲಿ ಬರೆದರು. ಅಪ್ಪ ಶಾಸ್ತ್ರೀಜಿಯ ಮುಖಕ್ಕೆ ದುಃಖ ಕಟ್ಟಿದ್ದೂ ಹೀಗೆಯೇ. ಕಥೆಗೆ ಅದು ಒಪ್ಪುತ್ತಿತ್ತು.

1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಹೋದ್ಯೋಗಿ ಜಾನ್ ಪಾಮರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಾರುಗಳ ಅಪಘಾತದ ಸಣ್ಣ ಚಿತ್ರವೊಂದನ್ನು 150 ವಿದ್ಯಾರ್ಥಿಗಳಿಗೆ ತೋರಿಸಿದರು. 50 ಜನರಿಗೆ, ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು ಕೇಳಿದರು. ಇನ್ನು 50 ಜನರಿಗೆ ‘ಬಡಿದಾಗ’ ಎಂದರು. ಉಳಿದವರಿಗೆ ವೇಗದ ಪ್ರಶ್ನೆ ಕೇಳಲೇ ಇಲ್ಲ. ಒಂದು ವಾರ ಬಿಟ್ಟು ಕರೆದು, ಒಡೆದ ಗಾಜನ್ನು ನೋಡಿದಿರಾ ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರಲ್ಲಿ 16 ಜನ ನೋಡಿದೆವು ಎಂದರು. ‘ಬಡಿದಾಗ’ ಎಂದು ಕೇಳಿಸಿಕೊಂಡವರಲ್ಲಿ 7 ಜನ. ಏನೂ ಕೇಳಿಸಿಕೊಳ್ಳದವರಲ್ಲಿ 6 ಜನ. ಪ್ರಶ್ನೆಯ ಒಂದು ಶಬ್ದ ಗಾಜು ಒಡೆದಿತ್ತು. ದಿನಕ್ಕೆ ನೂರು ಪ್ರಶ್ನೆ ಕೇಳುವುದೇ ಕಸುಬಾಗಿರುವ ನನಗೆ ಇದನ್ನು ಓದಿ ಎದೆ ಧಸಕ್ಕೆಂದಿತು.

ಹಾಗಾದರೆ ಕೆಲವರು ನೋಡಿದೆವು ಎಂದರು, ಹಲವರು ಇಲ್ಲ ಎಂದರು. ಈ ವ್ಯತ್ಯಾಸ ಎಲ್ಲಿಂದ? ಸ್ವಭಾವದಿಂದಲೇ? ನನ್ನ ಪ್ರಶ್ನೆ ಇದೇ ಆಗಿತ್ತು. ವಿದ್ವಾಂಸರೂ ಇದನ್ನು ಹುಡುಕಿದ್ದಾರೆ. 1974ರಲ್ಲಿಯೇ ಟೆಲೆಗನ್ ಮತ್ತು ಆಟ್ಕಿನ್ಸನ್ ಎಂಬಿಬ್ಬರು ‘ತನ್ಮಯತೆ’ಯನ್ನು ಒಂದು ಗುಣವೆಂದು ಗುರುತಿಸಿ, ಅದನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಹಾಡು ಕೇಳುವಾಗ, ಸೂರ್ಯಾಸ್ತ ನೋಡುವಾಗ, ಕಥೆ ಓದುವಾಗ ತನ್ನನ್ನೇ ಮರೆತುಬಿಡುವ ಗುಣ ಅದು. 1980ರ ದಶಕದ ಆರಂಭದಲ್ಲಿ ವಿಲ್ಸನ್ ಮತ್ತು ಬಾರ್ಬರ್, ಸಂಮೋಹನಕ್ಕೆ ಬಹುಬೇಗ ಒಳಗಾಗುವ ಹೆಂಗಸರನ್ನು ಮಾತನಾಡಿಸಿ, ಅವರಲ್ಲಿ ಹೆಚ್ಚಿನವರು ಬಾಲ್ಯದಿಂದಲೂ ಕಲ್ಪನೆಯಲ್ಲಿಯೇ ಬಹಳ ಹೊತ್ತು ಬದುಕುವವರೆಂದು ಕಂಡುಕೊಂಡರು. ಮೂರನೆಯದು ಮೈಮರೆವು: ದಾರಿ ನಡೆದು ಬಂದಿದ್ದೇವೆ, ನಡುವಿನ ದಾರಿಯೇ ನೆನಪಿಲ್ಲ ಎನ್ನುವ ತರಹದ್ದು.

ಈ ಗುಣಗಳಿಗೂ ಸುಳ್ಳು ನೆನಪಿಗೂ ನಂಟಿದೆಯೇ ಎಂದು ಅಮೆರಿಕದ ಐರಾ ಹೈಮನ್ ಮತ್ತು ಜೇಮ್ಸ್ ಬಿಲ್ಲಿಂಗ್ಸ್ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳ ಬಾಲ್ಯದ ನಿಜ ಘಟನೆಗಳನ್ನು ತಂದೆತಾಯಿಗಳಿಂದ ತಿಳಿದುಕೊಂಡು, ಅದರ ನಡುವೆ ನಡೆಯದ ಒಂದನ್ನು ಸೇರಿಸಿದರು: ಐದು ವರ್ಷದವನಿದ್ದಾಗ ಒಂದು ಮದುವೆಯಲ್ಲಿ ಓಡಾಡುತ್ತ ಮೇಜಿಗೆ ಡಿಕ್ಕಿ ಹೊಡೆದು, ಪಾನಕದ ಪಾತ್ರೆಯನ್ನು ಮದುಮಗಳ ತಂದೆತಾಯಿಯ ಮೇಲೆ ಚೆಲ್ಲಿದೆ ಎಂದು. ಮೊದಲು ಇಲ್ಲವೆಂದವರಲ್ಲಿ ಕೆಲವರು, ಯೋಚಿಸಿ ನೋಡು ಎಂದ ಮೇಲೆ, ಚೆಲ್ಲಿದ್ದನ್ನು ವಿವರವಾಗಿ ನೆನಪಿಸಿಕೊಂಡರು. ಕಲ್ಪನೆಯ ಕಸುವು ಮತ್ತು ಮೈಮರೆವು ಹೆಚ್ಚಿದ್ದವರಲ್ಲಿ ಹೀಗಾಗುವುದು ಹೆಚ್ಚಾಗಿ ಕಂಡಿತು.

ಇಷ್ಟು ಓದಿದಾಗ ನನಗೆ ನಾನೇ ಸಿಕ್ಕಿಬಿದ್ದಂತೆ ಅನ್ನಿಸಿತು. ಆದರೆ ಮುಂದಿನದನ್ನೂ ಓದಬೇಕು. ಈ ನಂಟು ಇದ್ದರೂ ತೆಳುವಾದದ್ದು. ಒಂದು ಬಗೆಯ ಪರೀಕ್ಷೆಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಒಂದರಲ್ಲಿ ಎಡವಿದವನು ಇನ್ನೊಂದರಲ್ಲಿಯೂ ಎಡವುತ್ತಾನೆಂಬ ನಿಯಮವಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ 2013ರದು. ಬದುಕಿನ ಹೆಚ್ಚು ಕಡಿಮೆ ಪ್ರತಿಯೊಂದು ದಿನವನ್ನೂ ತಾರೀಖು, ವಾರ ಸಮೇತ ಹೇಳಬಲ್ಲ ಅಪರೂಪದ ಜನರಿದ್ದಾರೆ. ಅಂಥ 20 ಜನರನ್ನು ಲಾರೆನ್ಸ್ ಪಟಿಹಿಸ್, ಲಾಫ್ಟಸ್ ಮುಂತಾದವರು ಇಂಥವೇ ಪರೀಕ್ಷೆಗಳಿಗೆ ಒಡ್ಡಿದರು. ಸಾಮಾನ್ಯರು ಎಷ್ಟು ಎಡವುತ್ತಾರೋ ಅವರೂ ಅಷ್ಟೇ ಎಡವಿದರು. ನಮ್ಮ ಮನೆಯಲ್ಲಿಯೇ ನೋಡಿದರೆ, ಕನಸುಗಣ್ಣಿನ ಮಗಳು ಗ್ರಹಣವನ್ನು ಕಂಡಳು, ಲೆಕ್ಕದ ತಂದೆ ಐದು ದಿನ ಮುಂಚೆಯೇ ದುಃಖವನ್ನು ಕಂಡ.

ಆಗುವುದೇನೆಂದು ಮಾರ್ಸಿಯಾ ಜಾನ್ಸನ್ ಮತ್ತು ಸಂಗಡಿಗರು 1993ರಲ್ಲಿ ವಿವರಿಸಿದ್ದು ನನಗೆ ಸರಿಯೆನಿಸುತ್ತದೆ. ನೆನಪಿನ ಮೇಲೆ ‘ಇದು ಕಂಡದ್ದು’, ‘ಇದು ಕೇಳಿದ್ದು’, ‘ಇದು ಊಹಿಸಿದ್ದು’ ಎಂಬ ಚೀಟಿ ಅಂಟಿಸಿರುವುದಿಲ್ಲ. ಅದು ಎಷ್ಟು ಸ್ಪಷ್ಟವಾಗಿದೆ, ಬಣ್ಣ, ವಾಸನೆ, ಥಂಡಿ ಎಷ್ಟಿದೆ ಎಂದು ನೋಡಿ, ಮನಸ್ಸು ಆಮೇಲೆ ತೀರ್ಪು ಕೊಡುತ್ತದೆ. ಕಲ್ಪನೆ ಗಟ್ಟಿಯಿರುವವರಿಗೆ ಕೇಳಿದ್ದಕ್ಕೂ ಬಣ್ಣ ಬರುತ್ತದೆ, ತೀರ್ಪು ತಪ್ಪುತ್ತದೆ. ಇಳಕಲ್ ಸೀರೆ ನೇಯುವವರ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ನೇಯ್ದ ಮೇಲೆ ಉಟ್ಟವಳಿಗೆ ಅದು ಒಂದೇ ಸೀರೆ.

ಇನ್ನು ಆ ಹುಡುಗನ ಮಾತು. ನಾನು ನೌಕರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಬೇರೆ ಊರಿನ ಒಂದು ಶಾಲೆ. ಮಕ್ಕಳನ್ನು ಪಟ್ಟದಕಲ್ಲಿಗೆ ಕರೆದೊಯ್ಯಲು ಕೂಡಿಸಿದ ಹಣ ಒಂದು ಲಕೋಟೆಯಲ್ಲಿತ್ತು. ಲಕೋಟೆ ಕಾಣೆಯಾಯಿತು. ನಾನು ಗಾಬರಿಯಾಗಿ ಕಪಾಟು ಜಾಲಾಡುವಾಗ ಸಹೋದ್ಯೋಗಿಯೊಬ್ಬರು ಕೇಳಿದರು: “ಕಪಾಟಿನ ಹತ್ತಿರ ಆ ಹುಡುಗ ನಿಂತಿದ್ದನಲ್ಲ, ನೀವು ನೋಡಲಿಲ್ಲವೇ?” ಆ ಮಾತು ಮುಗಿಯುವುದರೊಳಗೆ ನನ್ನ ಕಣ್ಣ ಮುಂದೆ ಅವನು ನಿಂತ. ನೀಲಿ ಚಡ್ಡಿ, ಕಪಾಟಿನ ಎಡ ಬಾಗಿಲ ಮೇಲೆ ಕೈ, ನನ್ನನ್ನು ಕಂಡು ಸರ್ರನೆ ತಿರುಗಿದ ಮುಖ. “ಹೌದು, ಕಂಡೆ” ಎಂದೆ.

ಅವನನ್ನು ಕರೆಸಿದೆವು. ಅಂಜುಬುರುಕ ಹುಡುಗ. ದೊಡ್ಡವರು ಏನು ಹೇಳಿದರೂ ತಲೆಯಾಡಿಸುವವನು. ಮೊದಲು ಇಲ್ಲ ಎಂದ. ನಾಲ್ಕು ಜನ ಸುತ್ತ ನಿಂತು, ಅಕ್ಕೋರೇ ನೋಡಿದ್ದಾರೆ, ನಿಜ ಹೇಳಿದರೆ ಬಿಟ್ಟುಬಿಡುತ್ತೇವೆ ಎಂದೆವು. ಅವನು ನನ್ನ ಮುಖವನ್ನೇ ನೋಡುತ್ತ, “ತಗೊಂಡಿದ್ದೆನರಿ” ಎಂದ. ಎಲ್ಲಿಟ್ಟೆ ಎಂದರೆ ಒಂದೊಂದು ಸಲ ಒಂದೊಂದು ಜಾಗ ಹೇಳಿದ. ಮರುದಿನದಿಂದ ಶಾಲೆಗೆ ಬರಲಿಲ್ಲ. ಒಂದೂವರೆ ತಿಂಗಳ ಮೇಲೆ ಲಕೋಟೆ ಸಿಕ್ಕಿತು. ಹಾಜರಿ ಪುಸ್ತಕಕ್ಕೆ ಹಾಕಿದ್ದ ಕಾಗದದ ಹೊದಿಕೆಯೊಳಗೆ, ನಾನೇ ಜೋಪಾನವಾಗಲೆಂದು ಇಟ್ಟಿದ್ದೆ. ಆಗ ನೆನಪಾಯಿತು: ಹುಡುಗ ಕಪಾಟಿನ ಹತ್ತಿರ ನಿಂತದ್ದು ನಿಜ. ಹಿಂದಿನ ದಿನ. ಸುಣ್ಣದ ಕಡ್ಡಿ ತಾ ಎಂದು ನಾನೇ ಕಳಿಸಿದ್ದೆ. ಒಂದು ದಿನದ ಚಿತ್ರವನ್ನು ಇನ್ನೊಂದು ದಿನಕ್ಕೆ ಅಂಟಿಸಿದ್ದೆ. ಅಳುಕಿದ ಮುಖವನ್ನು ನನ್ನ ಮನಸ್ಸೇ ಬರೆದಿತ್ತು. ಅವನ ಮನೆಗೆ ಹೋದೆ. ಅವರು ದುಡಿಯಲು ಗೋವೆಯ ಕಡೆ ಹೋಗಿಬಿಟ್ಟಿದ್ದರು.

ಮಾಡದ್ದನ್ನು ಅವನು ಒಪ್ಪಿದ್ದೇಕೆ? ಇದಕ್ಕೂ ಒಂದು ಇತಿಹಾಸವಿದೆ. ಐಸ್‌ಲ್ಯಾಂಡಿನವರಾದ, ಲಂಡನ್ನಿನಲ್ಲಿ ಕೆಲಸ ಮಾಡಿದ ಗಿಸ್ಲಿ ಗುಡ್‌ಯಾನ್ಸನ್ 1984ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಒಂದು ಕಥೆ ಓದಿ ಹೇಳಿ, ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಗಳನ್ನು ಕೇಳುವುದು. ಆಮೇಲೆ ‘ನೀನು ಬಹಳ ತಪ್ಪು ಮಾಡಿದ್ದೀ, ಇನ್ನೊಮ್ಮೆ ಹೇಳು’ ಎಂದು ಗಟ್ಟಿಸಿ ಅವೇ ಪ್ರಶ್ನೆಗಳನ್ನು ಕೇಳುವುದು. ಮೊದಲ ಸಲ ಎಷ್ಟಕ್ಕೆ ಮಣಿದ, ಗದರಿದ ಮೇಲೆ ಎಷ್ಟು ಉತ್ತರ ಬದಲಿಸಿದ ಎಂದು ಎಣಿಸುತ್ತಾರೆ. ಇದರಲ್ಲಿ ಮನುಷ್ಯ ಮನುಷ್ಯನಿಗೆ ವ್ಯತ್ಯಾಸ ಕಾಣುತ್ತದೆ. ಅಂಜುವವರು, ತಮ್ಮ ಮೇಲೆ ತಮಗೆ ಭರವಸೆ ಕಡಿಮೆಯಿರುವವರು ಹೆಚ್ಚು ಮಣಿಯುತ್ತಾರೆ.

ಅವರದೇ ನಾಡಿನಲ್ಲಿ 1974ರಲ್ಲಿ ಇಬ್ಬರು ಕಾಣೆಯಾದರು. ಹೆಣ ಸಿಗಲಿಲ್ಲ, ಕುರುಹು ಸಿಗಲಿಲ್ಲ. ಆರು ಜನ ಎಳೆಯರನ್ನು ಹಿಡಿದು, ಬಹಳ ಕಾಲ ಒಂಟಿ ಕೋಣೆಯಲ್ಲಿಟ್ಟು ಮತ್ತೆ ಮತ್ತೆ ಕೇಳಿದರು. ಅವರು ಒಪ್ಪಿಕೊಂಡರು. ಅವರಲ್ಲಿ ಕೆಲವರಿಗೆ ತಾವು ನಿಜವಾಗಿಯೂ ಮಾಡಿದ್ದೇವೇನೋ ಎಂಬಷ್ಟು ತಮ್ಮ ನೆನಪಿನ ಮೇಲೆಯೇ ಅಪನಂಬಿಕೆ ಬಂತು. 1980ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಅದೇ ನ್ಯಾಯಾಲಯ ಅವರಲ್ಲಿ ಐವರನ್ನು ಕೊಲೆಯ ಆರೋಪದಿಂದ ಬಿಡುಗಡೆ ಮಾಡಿದ್ದು 2018ರಲ್ಲಿ. ಅಷ್ಟೊತ್ತಿಗೆ ಇಬ್ಬರು ತೀರಿಕೊಂಡಿದ್ದರು.

ನಮ್ಮ ಕಾನೂನು ಈ ವಿಷಯದಲ್ಲಿ ದಡ್ಡತನದ್ದಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲಿಯೇ, ಉತ್ತರವನ್ನು ಸೂಚಿಸುವ ಪ್ರಶ್ನೆಯನ್ನು ತನ್ನ ಕಡೆಯ ಸಾಕ್ಷಿಗೆ ಕೇಳಲು ತಡೆಯಿತ್ತು. ಅಧಿಕಾರದಲ್ಲಿರುವವರು ಬೆದರಿಸಿ, ಆಸೆ ತೋರಿಸಿ ಪಡೆದ ತಪ್ಪೊಪ್ಪಿಗೆ ನಿಲ್ಲದೆಂದೂ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮಗಳು ಉಳಿದಿವೆ. ‘ನಿಜ ಹೇಳಿದರೆ ಬಿಟ್ಟುಬಿಡುತ್ತೇವೆ’ ಎಂದು ನಾವು ಹೇಳಿದ್ದು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ. ಕಳ್ಳನಿಗೆ ಕೋರ್ಟಿನಲ್ಲಿ ಸಿಗುವ ರಕ್ಷಣೆ ಆ ಮಗುವಿಗೆ ನಮ್ಮ ಶಾಲೆಯಲ್ಲಿ ಸಿಗಲಿಲ್ಲ.

ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆಯೂ ಇದೆ. ಬೆಂಗಳೂರಿನ ಪ್ರಯೋಗಾಲಯ ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ದೇಶಕ್ಕೆಲ್ಲ ಹೆಸರಾಗಿತ್ತು. ಔಷಧ ಚುಚ್ಚಿ ಅರೆ ಎಚ್ಚರದಲ್ಲಿ ಕೇಳಿದರೆ ಸತ್ಯ ಹೊರಬರುತ್ತದೆಂದು ಪತ್ರಿಕೆ ಓದುವವರೆಲ್ಲ ನಂಬಿದ್ದೆವು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಇದ್ದ ಪೀಠ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದಿತು. ಔಷಧದ ಅಮಲಿನಲ್ಲಿಯೂ ಕೆಲವರು ಸುಳ್ಳು ಹೇಳಬಲ್ಲರು, ಇನ್ನು ಕೆಲವರು ಕೇಳುವವರ ಮಾತಿಗೆ ಪೂರ್ತಿ ಮಣಿದುಬಿಡುತ್ತಾರೆ ಎಂಬ ವಿಚಾರವನ್ನೂ ಆ ತೀರ್ಪು ಗಮನಿಸಿತು. ಸ್ವಭಾವದ ಈ ವ್ಯತ್ಯಾಸವನ್ನು ನ್ಯಾಯಾಧೀಶರು ಅಲ್ಲಿ ಕಂಡರು. ನಾನು ತರಗತಿಯಲ್ಲಿ ಕಾಣಲಿಲ್ಲ.

ಆ ಕೋಣೆಯಲ್ಲಿ ಇದ್ದದ್ದು ಎರಡು ಸ್ವಭಾವ. ಒಂದು, ಹೇಳಿದ್ದನ್ನು ಕಣ್ಣ ಮುಂದೆ ತಂದುಕೊಳ್ಳುವ ನನ್ನದು. ಇನ್ನೊಂದು, ಹೇಳಿದ್ದಕ್ಕೆ ಮಣಿಯುವ ಅವನದು. ಎರಡೂ ಅಪರಾಧಗಳಲ್ಲ. ಮೊದಲನೆಯದರಿಂದ ನನ್ನ ಪಾಠ ಚೆನ್ನಾಗಿ ಆಗುತ್ತಿತ್ತು. ಎರಡನೆಯದನ್ನು ನಾವೇ ‘ವಿಧೇಯ ಹುಡುಗ’ ಎಂದು ಹೊಗಳುತ್ತಿದ್ದೆವು. ಕೆಟ್ಟದ್ದು ಪ್ರಶ್ನೆ. “ನೀವು ನೋಡಲಿಲ್ಲವೇ?” ಎಂಬುದರ ಬದಲು “ಏನಾದರೂ ನೋಡಿದಿರಾ?” ಎಂದಿದ್ದರೆ ನನ್ನ ಕಣ್ಣ ಮುಂದೆ ಅವನು ನಿಲ್ಲುತ್ತಿರಲಿಲ್ಲ. “ತಗೊಂಡೆಯಾ?” ಎನ್ನುವ ಬದಲು “ನಿನ್ನೆ, ಇವತ್ತು ಏನೇನು ಮಾಡಿದೆ ಹೇಳಪ್ಪ” ಎಂದಿದ್ದರೆ ಸುಣ್ಣದ ಕಡ್ಡಿಯ ವಿಷಯ ಅವನ ಬಾಯಿಂದಲೇ ಬರುತ್ತಿತ್ತು. ಸ್ವಭಾವವನ್ನು ಬದಲಿಸಲು ಬರುವುದಿಲ್ಲ. ಪ್ರಶ್ನೆಯನ್ನು ಬದಲಿಸಬಹುದು.

ಈಗ ಶಾಲೆಯಲ್ಲಿ ಜಗಳ, ಕಳವು, ದೂರು ಏನೇ ಬರಲಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ, ಒಬ್ಬರ ಮಾತು ಒಬ್ಬರ ಕಿವಿಗೆ ಬೀಳುವ ಮೊದಲು, ಕಂಡದ್ದನ್ನು ಕಾಗದದ ಮೇಲೆ ಬರೆಸುತ್ತೇನೆ. ನಾನೂ ಬರೆದಿಡುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹಲಗೆಯ ಮೇಲೆ ಬರೆಯುವಾಗ ಮಕ್ಕಳು ಅದು ತಮಗೆ ಎಂದುಕೊಳ್ಳುತ್ತಾರೆ.

ಆ ಹುಡುಗ ಮೊನ್ನೆ ಮೊನ್ನೆ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕ. ಹುಡುಗನಲ್ಲ ಈಗ, ಎರಡು ಮಕ್ಕಳ ತಂದೆ. ಗಾರೆ ಕೆಲಸ ಮಾಡುತ್ತಾನೆ. ಅವನೇ ಗುರುತು ಹಿಡಿದು ನಮಸ್ಕಾರ ಮಾಡಿದ. ಇಷ್ಟು ವರ್ಷ ಬಾಯಲ್ಲಿ ಹೊತ್ತುಕೊಂಡು ತಿರುಗಿದ್ದನ್ನು ನಾನು ಹೇಳಿದೆ: ಲಕೋಟೆ ನನ್ನ ಹತ್ತಿರವೇ ಇತ್ತು, ನೀನು ಮುಟ್ಟಿರಲಿಲ್ಲ, ನನ್ನದು ತಪ್ಪಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನೆ ನನ್ನನ್ನೇ ನೋಡಿದ. “ಹೌದರೀ ಅಕ್ಕೋರ? ಖರೇನ?” ಎಂದ. ಆಮೇಲೆ, “ನೀವು ಕಂಡೀನಿ ಅಂದ್ರಿ. ನನಗೂ ಮುಂದ ಎಷ್ಟೋ ದಿವಸ ತಗೊಂಡಿದ್ನೇನೋ ಅನಸತಿತ್ತರಿ. ಲಕೋಟಿ ಕೈಯಾಗ ಹಿಡದಂಗ ನೆನಪು ಬರತಿತ್ತು” ಎಂದ.

ಗೋವೆಯ ಬಸ್ಸು ಬಂತು, ಅವನು ಹತ್ತಿಹೋದ. ನಾನು ಕೈಚೀಲ ತೆರೆದು ಪುಸ್ತಕದಲ್ಲಿ ಅವನ ಮಾತನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡೆ. ತಾರೀಖನ್ನೂ ಹಾಕಿದೆ.

ಗ್ರಹಣದ ಕಥೆಯನ್ನು ಈಗಲೂ ಹೇಳುತ್ತೇನೆ. “ನಮ್ಮ ಅಣ್ಣ ಕಂಡದ್ದು, ನಾನು ಕೇಳಿದ್ದು” ಎಂದು ಶುರು ಮಾಡುತ್ತೇನೆ. ಆದರೆ ಥಂಡಿ ಗಾಳಿಯ ಹತ್ತಿರ ಬಂದಾಗ ತೋಳಿನ ರೋಮ ಮೊದಲಿನ ಹಾಗೆಯೇ ನಿಮಿರುತ್ತವೆ.